ಸೈಲೆನ್ಸರ್ ಬೋಲ್ಟ್ ಸಿಕ್ಕಿಕೊಂಡವರಿಗೆ: ಹುಬ್ಬಳ್ಳಿ ಗೋಕುಲ ರೋಡಿನ ಒಂದು ಲೇತ್ ಅಂಗಡಿ

ಬೈಕಿನ ಸೈಲೆನ್ಸರ್ ಬೋಲ್ಟಿನ ತಲೆ ಸವೆದು, ಯಾವ ಪಾನಾ ಹಾಕಿದರೂ ಗರಗರ ತಿರುಗುತ್ತಿದೆಯಾ? ಅಥವಾ ಅರ್ಧಕ್ಕೆ ತುಂಡಾಗಿ ಇಂಜಿನ್ ಹೆಡ್ (ಇಂಜಿನ್ನಿನ ಮೇಲಿನ ಅಲ್ಯೂಮಿನಿಯಂ ಭಾಗ) ಒಳಗೇ ಕೂತುಬಿಟ್ಟಿದೆಯಾ? ಹುಬ್ಬಳ್ಳಿಯಲ್ಲಿ ಯಾರೇ ಕೇಳಿದರೂ ನಾನು ಕಳಿಸೋದು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗಿನ ಚಾಚಾ ಅವರ ಲೇತ್ ಅಂಗಡಿಗೆ. ಅಂಗಡಿಗೆ ಬೋರ್ಡ್ ಇಲ್ಲ. ಶಟರ್ ಮೇಲೆ ಯಾವ ಕಾಲದಲ್ಲೋ ಬರೆಸಿದ ಅಕ್ಷರ ಬಿಸಿಲಿಗೆ ಅಳಿಸಿಹೋಗಿದೆ. ಎಸ್ಟೇಟ್ ಒಳಗೆ ಹೋಗಿ ಯಾವುದಾದರೂ ವೆಲ್ಡಿಂಗ್ ಶೆಡ್ ಮುಂದೆ ನಿಂತು, "ಹೆಡ್ಡಿನ ಬೋಲ್ಟ್ ತಗಿಯೋ ಚಾಚಾ ಎಲ್ಲಿ?" ಅಂತ ಕೇಳಿದರೆ ಸಾಕು, ಕೈ ಮಾಡಿ ತೋರಿಸುತ್ತಾರೆ.

ಇದು ಬೈಕ್ ಗ್ಯಾರೇಜ್ ಅಲ್ಲ. ಒಂದು ಹಳೆಯ ಲೇತ್, ಒಂದು ಬೆಂಚ್ ಡ್ರಿಲ್, ಒಂದು ಸಿಒ2 ವೆಲ್ಡಿಂಗ್ ಮಷೀನ್, ಗೋಡೆಗೆ ಸರಪಳಿ ಕಟ್ಟಿ ನಿಲ್ಲಿಸಿದ ಗ್ಯಾಸ್ ಸಿಲಿಂಡರ್. ಅಷ್ಟೇ ಅಂಗಡಿ. ದಿನದ ಕೆಲಸ ಏನಿದ್ದರೂ ಟ್ರ್ಯಾಕ್ಟರ್ ಹಬ್, ಖಾರ ಕುಟ್ಟುವ ಗಿರಣಿಯ ಶಾಫ್ಟ್, ನೀರಿನ ಪಂಪಿನ ಬುಷ್, ಇಂಥವು. ಬೈಕಿನವರು ಇಲ್ಲಿಗೆ ಬರೋದು ಬೇರೆ ಎಲ್ಲರೂ ಕೈಯಾಡಿಸಿ, ಕೆಡಿಸಿ, ಕೈಬಿಟ್ಟ ಮೇಲೆ. ಸ್ವಲ್ಪ ಮೊದಲೇ ಬಂದರೆ ಅವರಿಗೂ ಕೆಲಸ ಸುಲಭ, ನಮಗೂ ಖರ್ಚು ಕಡಿಮೆ. ಇಷ್ಟು ಉದ್ದ ಬರೆಯೋಕೆ ಮುಖ್ಯ ಕಾರಣವೇ ಅದು.

ನನ್ನದು ಬೀಜದ ಕಂಪನಿಯಲ್ಲಿ ಹೊಲ ಸುತ್ತುವ ಕೆಲಸ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಎಲ್ಲಾ ಎರೆ ಭೂಮಿ. ಆ ಕಡೆ ಮಳೆಗಾಲದಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಎರೆ ಮಣ್ಣು ಒಮ್ಮೆ ಹತ್ತಿದರೆ ಬಿಡೋದಿಲ್ಲ. ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿ ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಸೈಲೆನ್ಸರಿನ ಬೆಂಡ್ ಪೈಪ್ ಹೆಡ್ಡಿಗೆ ಕೂಡುವ ಜಾಗ ಇರೋದು ಮುಂದಿನ ಚಕ್ರದ ಎದುರಿಗೇ. ಚಕ್ರ ಎರಚಿದ ಕೆಸರೆಲ್ಲ ನೇರ ಅಲ್ಲಿಗೆ ಹೋಗಿ ಕೂರುತ್ತದೆ. ಇಂಜಿನ್ ಬಿಸಿಗೆ ಒಣಗುತ್ತದೆ, ಮರುದಿನ ಮತ್ತೆ ನೆನೆಯುತ್ತದೆ. ಎರೆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವ ಮಣ್ಣು. ಹತ್ತಿಗೆ, ಕಡಲೆಗೆ ಒಳ್ಳೆಯದು, ಬೋಲ್ಟಿಗಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ತಗೊಂಡ 150 ಸಿಸಿ ಗಾಡಿ. ಬೆಂಡ್ ಪೈಪ್ ಹಿಡಿಯುವ ಜಾಗದಲ್ಲಿ ಸ್ಟಡ್ (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಕಡ್ಡಿ) ಮತ್ತು ನಟ್ ಇರಲಿಲ್ಲ. ಹಿಂದಿನ ಮಾಲೀಕರ ಕಾಲದಲ್ಲೇ ಯಾರೋ ಅವನ್ನು ತೆಗೆದು 6 ಎಂಎಂ ಎಲ್ಲನ್ ಬೋಲ್ಟ್ ಎರಡು ಬಿಗಿದಿದ್ದರು. ನೋಡೋಕೆ ಚಂದ, ಮುಂದೆ ತಲೆನೋವು. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಸದ್ದು ಶುರುವಾಯಿತು. ಪೈಪ್ ಕೂಡುವಲ್ಲಿ ಕಪ್ಪು ಮಸಿ ಕಾಣಿಸಿತು. ಪೈಪಿಗೂ ಹೆಡ್ಡಿಗೂ ನಡುವೆ ಹೊಗೆ ಸೋರದಂತೆ ಕೂರಿಸುವ ಪ್ಯಾಕಿಂಗ್ ಹೋಗಿದೆ ಅನ್ನೋದಕ್ಕೆ ಇವೆರಡೇ ಸಾಕ್ಷಿ ಸಾಕು. ಪ್ಯಾಕಿಂಗ್ ರಿಂಗಿನ ಬೆಲೆ ಒಂದು ಊಟದಷ್ಟೂ ಇಲ್ಲ. ಆದರೆ ಅದನ್ನು ಬದಲಿಸಬೇಕು ಅಂದರೆ ಆ ಎರಡು ಬೋಲ್ಟ್ ಬಿಚ್ಚಲೇಬೇಕು.

ನಮ್ಮ ಓಣಿಯ ಮೆಕ್ಯಾನಿಕ್ ಸವೆದ ಎಲ್ಲನ್ ಕೀ ಹಾಕಿ ಒಂದು ಸಲ ಜೋರಾಗಿ ತಿರುಗಿಸಿದ. ಬೋಲ್ಟಿನ ಆರು ಮೂಲೆಯ ಗುಂಡಿ ದುಂಡಗಾಯಿತು. ಎರಡನೆಯದರದ್ದೂ ಅದೇ ಕತೆ. ಹುಡುಗ ಒಳ್ಳೆಯವನೇ. ಅಲ್ಲಿಗೆ ನಿಲ್ಲಿಸಿ, "ಅಣ್ಣಾ, ಇನ್ನ ನಾ ಕೈ ಹಚ್ಚಿದ್ರ ಕೆಡತೈತಿ" ಅಂದ. ಆ ಒಂದು ಮಾತಿಗೆ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನೊಂದು ಕಡೆ ತೋರಿಸಿದಾಗ ಅವರು ಬೋಲ್ಟ್ ಮುಟ್ಟಲೇ ಇಲ್ಲ, ಸೀದಾ "ಹೆಡ್ ಬದಲಿಸಬೇಕು" ಅಂದರು. ಒಂದು ಸಣ್ಣ ಬೋಲ್ಟಿಗೆ ಇಡೀ ಹೆಡ್ಡು! ಕಾಲಿಗೆ ಮುಳ್ಳು ಚುಚ್ಚಿದರೆ ಕಾಲೇ ತೆಗೀತಾರಾ?

ನಡುವೆ ಆನ್‌ಲೈನಿನಲ್ಲಿ ಸಿಗುವ ಬೋಲ್ಟ್ ಎಕ್ಸ್‌ಟ್ರ್ಯಾಕ್ಟರ್ ಕಿಟ್ ಬಗ್ಗೆಯೂ ಎರಡು ಮಾತು ಹೇಳಬೇಕು. ಇಂಥ ಪರಿಸ್ಥಿತಿಯಲ್ಲಿ ಎಲ್ಲರ ಕೈಯೂ ಮೊದಲು ಹೋಗೋದು ಅಲ್ಲಿಗೇ. ಗೆಳೆಯನೊಬ್ಬ ತರಿಸಿಟ್ಟಿದ್ದ, ತಂದು ಕೊಟ್ಟ. ಉಲ್ಟಾ ಸುರುಳಿ ಇರುವ ಮೊಳೆಯಂಥ ಬಿಟ್‌ಗಳು. ಬೋಲ್ಟಿನ ನಡುವೆ ತೂತು ಕೊರೆದು, ಇದನ್ನು ಬಡಿದು ಎಡಕ್ಕೆ ತಿರುಗಿಸಬೇಕು. ಮರದ ಸ್ಕ್ರೂ, ಬಾಗಿಲಿನ ಸ್ಕ್ರೂ ಇದ್ದರೆ ಕೆಲಸ ಮಾಡೀತು. ಸೈಲೆನ್ಸರ್ ಬೋಲ್ಟಿಗೆ ಬೇಡ. ಕಾರಣ ಇದೆ. 6 ಎಂಎಂ ಬೋಲ್ಟಿಗೆ ತೂತು ಕೊರೆದರೆ ಉಳಿಯುವ ಗೋಡೆ ತೆಳುವಾಗುತ್ತದೆ. ಬಿಟ್ ಒಳಗೆ ಹೋದಷ್ಟೂ ಆ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ, ಅಂದರೆ ಸಿಕ್ಕಿಕೊಂಡ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಗ್ಗದ ಬಿಟ್ ಮೆತ್ತಗಿದ್ದರೆ ಅದೇ ಸವೆದುಹೋಗುತ್ತದೆ. ಗಟ್ಟಿ ಇದ್ದರೆ ಒಳಗೇ ಮುರಿಯುತ್ತದೆ. ಮುರಿದ ಬಿಟ್ ಎಷ್ಟು ಗಡಸು ಅಂದರೆ ಮಾಮೂಲಿ ಡ್ರಿಲ್ ಅದಕ್ಕೆ ಕಚ್ಚೋದೇ ಇಲ್ಲ, ಪಕ್ಕಕ್ಕೆ ಜಾರಿ ಮೆತ್ತನೆಯ ಅಲ್ಯೂಮಿನಿಯಂ ಹೆಡ್ಡನ್ನು ಕೊರೆಯುತ್ತದೆ. ಹಾಗಾಗಿ ಕಿಟ್ ಹೇಗೆ ಬಂತೋ ಹಾಗೇ ವಾಪಸ್ ಹೋಯಿತು.

ಸರಿ, ಚಾಚಾ ಅಂಗಡಿಗೆ ಬರೋಣ.

ಗಾಡಿ ನಿಲ್ಲಿಸಿದಾಗ ಅವರು ಲೇತ್ ಮೇಲೆ ಯಾವುದೋ ಶಾಫ್ಟ್ ತಿರುವುತ್ತಿದ್ದರು. ತಲೆ ಎತ್ತಲಿಲ್ಲ. ಆ ಕೆಲಸ ಮುಗಿಯುವ ತನಕ ನಾನು ನಿಂತೇ ಇದ್ದೆ. ಕೂರಲು ಜಾಗವೂ ಇಲ್ಲ ಅನ್ನಿ. ಆಮೇಲೆ ಬಂದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಸಣ್ಣ ಟಾರ್ಚ್ ಹಾಕಿ ಎರಡೂ ಬೋಲ್ಟ್ ನೋಡಿದರು. ಮುಟ್ಟಲಿಲ್ಲ.

"ಯಾರ‍್ಯಾರ್ ಕೈ ಹಚ್ಯಾರ್ರೀ ಇದಕ್ಕ?"

ಹೇಳಿದೆ.

"ಡ್ರಿಲ್ ಹೊಡದಾರೇನು?"

"ಇಲ್ರೀ ಚಾಚಾ."

"ಹಂಗಾದ್ರ ಆಗತೈತಿ. ಡ್ರಿಲ್ ಹೊಡದಿದ್ರ ರೇಟ್ ಬ್ಯಾರೆ, ಟೈಮ್ ಬ್ಯಾರೆ. ಅವಸರ ಇದ್ರ ಈಗ ಹೇಳ್ರಿ."

ಈ ಕೊನೆಯ ಮಾತು ಅವರು ಬಂದ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಅವಸರ ಇದೆ ಅಂದರೆ ಸಲೀಸಾಗಿ ಬೇರೆ ಅಂಗಡಿ ತೋರಿಸಿಬಿಡುತ್ತಾರೆ, ಬೇಸರವಿಲ್ಲ. ನನ್ನ ಎದುರಿಗೇ ಒಬ್ಬರನ್ನು ಹಾಗೆ ಕಳಿಸಿದರು.

ಕೆಲಸ ಶುರುವಾಗುವ ಮೊದಲು ಅವರು ಮಾಡಿಕೊಂಡ ತಯಾರಿ ನೋಡಿಯೇ ನನಗೆ ಧೈರ್ಯ ಬಂತು. ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಅಂಗಡಿಯ ಆಚೆ ಬದಿಗೆ ದೂರ ಇಟ್ಟರು. ಬ್ಯಾಟರಿಯ ನೆಗೆಟಿವ್ ವೈರ್ ತೆಗೆದರು, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಸಾಕೆಟ್ ಕಳಚಿದರು. ವೆಲ್ಡಿಂಗ್ ಕರೆಂಟ್ ಅದರೊಳಗೆ ಹೋದರೆ ಬೋಲ್ಟಿಗಿಂತ ದೊಡ್ಡ ಖರ್ಚು. ಅರ್ಥ್ ಕ್ಲಿಪ್ಪನ್ನು ಚಾಸಿಗೆ ಹಾಕಲಿಲ್ಲ, ಹೆಡ್ಡಿನ ಮೇಲೇ ಬೋಲ್ಟಿಗೆ ಹತ್ತಿರದಲ್ಲಿ ಹಾಕಿದರು. ದೂರ ಹಾಕಿದರೆ ಕರೆಂಟ್ ಬೇರಿಂಗ್‌ಗಳ ಮೂಲಕ ಹಾದು, ಅದರ ಗೋಲಿಗಳ ಮೇಲೆ ಕಲೆ ಬೀಳುತ್ತದೆ ಅಂದರು. ಇಷ್ಟು ವಿಷಯವನ್ನು ಗ್ಯಾರೇಜಿನವರು ಯಾರೂ ನನಗೆ ಹೇಳಿರಲಿಲ್ಲ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬರ ಕೈಕೆಳಗೆ ಕೆಲಸ ಕಲಿತದ್ದಂತೆ ಅವರು. ಗದಗ ರಸ್ತೆಯ ಆ ವರ್ಕ್‌ಶಾಪಿನ ಕೈಗುಣ ಹುಬ್ಬಳ್ಳಿಯ ಎಷ್ಟು ಲೇತ್ ಅಂಗಡಿಗಳಿಗೆ ಹರಿದು ಬಂದಿದೆಯೋ.

ಎಡಗಡೆಯ ಬೋಲ್ಟ್ ಸ್ವಲ್ಪ ಪುಣ್ಯವಂತ. ಅದರ ತಲೆಯ ಮೇಲೆ ಹಿತ್ತಾಳೆಯ ತುಂಡೊಂದನ್ನು ಇಟ್ಟು ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿದರು. ಜೋರಾಗಿ ಅಲ್ಲ, ಒಂದೇ ಲಯದಲ್ಲಿ, ಬಹಳ ಹೊತ್ತು. ಥ್ರೆಡ್ಡಿನ ನಡುವೆ ಗಟ್ಟಿಯಾದ ಜಂಗು ಈ ಪೆಟ್ಟಿಗೆ ಪುಡಿಯಾಗಿ ಬಿರುಕು ಬಿಡುತ್ತದೆ. ಆಮೇಲೆ ಬ್ಲೋ ಲ್ಯಾಂಪ್ ಹಚ್ಚಿ ಬೋಲ್ಟಿನ ಸುತ್ತಲಿನ ಹೆಡ್ಡನ್ನು ಕಾಯಿಸಿದರು. ಬೋಲ್ಟನ್ನಲ್ಲ, ಹೆಡ್ಡನ್ನು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಹೆಡ್ ಹಿಗ್ಗಿದರೆ ತೂತೂ ದೊಡ್ಡದಾಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಲೂ ಆಡಿಸುತ್ತಲೇ ಇದ್ದರು. ಯಾಕೆ ಅಂತ ಕೇಳಿದೆ. ಕಬ್ಬಿಣ ಆದರೆ ಕೆಂಪಾಗಿ "ಸಾಕು" ಅಂತ ಹೇಳುತ್ತದೆ, ಅಲ್ಯೂಮಿನಿಯಂ ಏನೂ ಹೇಳೋದಿಲ್ಲ, ಸೀದಾ ಕುಸಿದುಬಿಡುತ್ತದೆ ಅಂದರು. ನಿಜ. ಉಕ್ಕು ಕರಗೋಕೆ ಸುಮಾರು 1,500 ಡಿಗ್ರಿ ಬೇಕು, ಅಲ್ಯೂಮಿನಿಯಂಗೆ 660 ಸಾಕು. ಬೆರಳಿನಿಂದ ಒಂದು ಹನಿ ನೀರು ಸಿಡಿಸಿ, ಚುಂಯ್ ಅಂತ ಹಾರಿಹೋದ ತಕ್ಷಣ ಲ್ಯಾಂಪ್ ಬದಿಗಿಟ್ಟರು.

ಆಮೇಲೆ ಜೇಬಿನಿಂದ ತೆಗೆದದ್ದು ಒಂದು ಬಿಳಿ ಮೇಣದ ಬತ್ತಿ. ಬಿಸಿ ಬೋಲ್ಟಿನ ಕುತ್ತಿಗೆಗೆ ಅದನ್ನು ಮುಟ್ಟಿಸಿದರು. ಮೇಣ ಕರಗಿ ಎಣ್ಣೆಯ ಹಾಗೆ ತೆಳುವಾಗಿ, ನೋಡುನೋಡುತ್ತಲೇ ಥ್ರೆಡ್ಡಿನ ಒಳಗೆ ಇಂಗಿಹೋಯಿತು. ಜಂಗು ಬಿಡಿಸುವ ಸ್ಪ್ರೇ ಡಬ್ಲ್ಯುಡಿ-40 ಹಾಕಬಹುದಲ್ವಾ ಅಂದೆ. ಅವರ ಬಳಿ ಅದೂ ಇದೆ. ಆದರೆ ಬಿಸಿ ಲೋಹದ ಮೇಲೆ ಸ್ಪ್ರೇ ಹೊಡೆಯಬಾರದು, ಬೆಂಕಿ ಹತ್ತುತ್ತದೆ ಅಂತ ಗದರಿದರು. ಅದನ್ನು ಹಾಕುವುದಾದರೆ ಹಿಂದಿನ ರಾತ್ರಿಯೇ ತಣ್ಣಗಿದ್ದಾಗ ಹಾಕಿ ಬಿಡಬೇಕು. ದುಂಡಗಾದ ಗುಂಡಿಗೆ ಒಂದು ಸೈಜ್ ಬಿಗಿಯಾದ, ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಬಡಿದು ಕೂರಿಸಿ, ಉದ್ದ ಹಿಡಿಕೆ ಹಾಕಿ, ಮೊದಲು ಬಿಗಿ ಮಾಡುವ ದಿಕ್ಕಿಗೇ ಕೂದಲೆಳೆಯಷ್ಟು ತಿರುಗಿಸಿದರು. ಕಿರ್ ಅಂದಿತು. ಆಮೇಲೆ ಎಡಕ್ಕೆ. ಬಂತು.

ಬಲಗಡೆಯದು ಬರಲಿಲ್ಲ. ಬಿಟ್ ಜಾರಿತು. ಬೇರೆ ಯಾರೇ ಆಗಿದ್ದರೂ ಇಲ್ಲಿ ಇನ್ನೂ ದೊಡ್ಡ ಬಿಟ್ ಬಡಿಯುತ್ತಿದ್ದರು. ಚಾಚಾ ಬಿಟ್ ಕೆಳಗಿಟ್ಟರು.

"ತಲಿ ತಗೀತೀನ್ರಿ ಇದರದು."

"ತಲೀನ ತಗದ್ರ ಮುಂದ ಹಿಡಿಯೂದು ಏನನ್ನ ಚಾಚಾ?"

"ಈಗೇನ್ ಹಿಡಿಯಾಕ ಬರತೈತ್ರೀ?"

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಅವರ ಲೆಕ್ಕ ಹೀಗೆ. ಬೋಲ್ಟಿನ ತಲೆ ಬೆಂಡ್ ಪೈಪಿನ ಕಾಲರನ್ನು ಒತ್ತಿ ಹಿಡಿದಿರುತ್ತದೆ. ಆ ಎಳೆತ ಇರುವ ತನಕ ಥ್ರೆಡ್ ಮೇಲೆ ಬಿಗಿ ಇದ್ದೇ ಇರುತ್ತದೆ. ತಲೆ ಹೋದರೆ ಎಳೆತ ಹೋಗುತ್ತದೆ. ಜೊತೆಗೆ ಪೈಪ್ ಕಳಚಿ ಬರುತ್ತದೆ. ಪೈಪ್ ಬಂದರೆ ಕಾಲರ್ ಎಷ್ಟು ದಪ್ಪ ಇತ್ತೋ ಅಷ್ಟು ಬೋಲ್ಟು ಹೆಡ್ಡಿನಿಂದ ಹೊರಗೆ ಚಾಚಿಕೊಂಡು ನಿಂತಿರುತ್ತದೆ. ತಲೆ ಅದಾಗಿಯೇ ಹೆಡ್ಡಿನ ಮಟ್ಟಕ್ಕೆ ಮುರಿದುಕೊಂಡರೆ ಹಿಡಿಯೋಕೆ ಏನೂ ಉಳಿಯೋದಿಲ್ಲ. ನಾವಾಗಿ ಲೆಕ್ಕ ಹಾಕಿ ತೆಗೆದರೆ ಉಳಿಯುತ್ತದೆ. ಅದಕ್ಕೇ ಕೋಪದಿಂದ ಜಗ್ಗಾಡಿ ಬೋಲ್ಟ್ ಮುರಿದುಕೊಂಡು ಬರುವವರನ್ನು ಕಂಡರೆ ಅವರಿಗೆ ಆಗೋದಿಲ್ಲ.

ಎಲ್ಲನ್ ಗುಂಡಿಯೇ ದಾರಿ ತೋರಿಸುವುದರಿಂದ ಡ್ರಿಲ್ ನಡುವಿಗೇ ಹೋಯಿತು. 6 ಎಂಎಂಗಿಂತ ಸ್ವಲ್ಪ ದೊಡ್ಡ ಡ್ರಿಲ್, ಕಡಿಮೆ ಸ್ಪೀಡು, ಒಂದೊಂದು ಹನಿ ಎಣ್ಣೆ. ಬೋಲ್ಟಿನ ತಲೆ ಉಂಗುರದ ಹಾಗೆ ಕಳಚಿ ಡ್ರಿಲ್ ಬಿಟ್‌ಗೇ ಸುತ್ತಿಕೊಂಡು ಬಂತು. ಪೈಪ್ ಎಳೆದು ತೆಗೆದರು. ಒಳಗಿನ ಪ್ಯಾಕಿಂಗ್ ಸುಟ್ಟು ಪುಡಿಯಾಗಿತ್ತು. ಹೆಡ್ಡಿನ ಬಾಯಿಗೆ ಒದ್ದೆ ಬಟ್ಟೆ ತುರುಕಿದರು. ಲೋಹದ ಪುಡಿ ಒಳಗೆ ಹೋಗಿ ವಾಲ್ವ್ ಮೇಲೆ ಕೂತರೆ ಮತ್ತೊಂದು ರಗಳೆ. ಸುತ್ತ ತಗಡಿನ ತುಂಡು ಇಟ್ಟು ಮರೆ ಮಾಡಿದರು.

ಇನ್ನು ನಟ್ ಬೆಸೆಯೋ ಕೆಲಸ. ಈ ಅಂಗಡಿಗೆ ಹೆಸರು ಬಂದಿರೋದೇ ಇದರಿಂದ. 6 ಎಂಎಂ ಬೋಲ್ಟಿಗೆ ಅವರು ತಗೊಂಡದ್ದು 8 ಎಂಎಂ ನಟ್. ತೂತು ದೊಡ್ಡದಿದ್ದರೆ ವೆಲ್ಡಿಂಗ್ ತಂತಿ ಒಳಗೆ ಇಳಿದು, ಬೋಲ್ಟಿನ ತುದಿಯನ್ನು ತಳದಿಂದ ಹಿಡಿಯುತ್ತದೆ. ನಟ್ಟನ್ನು ಚಾಚಿದ ತುಂಡಿನ ಮೇಲೆ ಕೂರಿಸಿ, ನನ್ನನ್ನು "ಆ ಕಡೆ ನೋಡ್ರಿ" ಅಂತ ತಿರುಗಿಸಿ, ಮಧ್ಯದಿಂದ ಶುರು ಮಾಡಿ ನಟ್ ತುಂಬುವ ತನಕ ಬೆಸೆದರು. ಉಕ್ಕು ಉಕ್ಕಿಗೆ ಕೂಡುತ್ತದೆ, ಆದರೆ ಪಕ್ಕದ ಅಲ್ಯೂಮಿನಿಯಂಗೆ ಹತ್ತೋದಿಲ್ಲ. ಅಷ್ಟರ ಮೇಲೆ ಈ ಸಲ ಬಿಸಿಯೆಲ್ಲ ಬೋಲ್ಟಿನ ಮೂಲಕವೇ ಥ್ರೆಡ್ಡಿಗೆ ಇಳಿಯುತ್ತದೆ. ಬ್ಲೋ ಲ್ಯಾಂಪಿಗೆ ಆಗದ ಕೆಲಸ ಇದು. ಬೋಲ್ಟ್ ಕಾದು ಹಿಗ್ಗುತ್ತದೆ, ಆರುವಾಗ ಕುಗ್ಗುತ್ತದೆ. ಆ ಎಳೆದಾಟದಲ್ಲಿ ಜಂಗಿನ ಹಿಡಿತ ಬಿಡುತ್ತದೆ.

ಕೆಂಪು ಆರಿ ನಟ್ ಬೂದು ಬಣ್ಣಕ್ಕೆ ಬಂತು. ನಾನು ಪಾನಾ ಕೊಡೋಕೆ ಹೋದೆ. ಬೇಡ ಅಂದರು. ಮತ್ತೆ ಮೇಣದ ಬತ್ತಿ ಮುಟ್ಟಿಸಿ, ಇನ್ನೊಬ್ಬರ ಪಂಪಿನ ಬುಷ್ ಕೈಗೆತ್ತಿಕೊಂಡರು. "ಚಾ ಕುಡಕೊಂಡ್ ಬರ‍್ರಿ" ಅಂದರು. ಬಿಸಿಬಿಸಿ ಇರುವಾಗಲೇ ತಿರುಗಿಸಿದರೆ ಬೆಸುಗೆ ಕಿತ್ತು ಬರುತ್ತದಂತೆ. ನಾನು ಎದುರಿನ ಗಾಡಿಯಲ್ಲಿ ಚಾ ಕುಡಿದು ಬಂದು, ಮತ್ತೂ ಕಾದೆ. ಕೈ ಹಿಂಭಾಗ ಹತ್ತಿರ ಹಿಡಿದು ನೋಡಿ, ಕೊನೆಗೆ 13 ನಂಬರ್ ಪಾನಾ ಹಾಕಿದರು. ಬಳೆಗಾರ ಬಿಗಿ ಬಳೆ ಏರಿಸುವ ಹಾಗೆ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ, ಬಲವಂತ ಇಲ್ಲ. ಅಲುಗಾಡಿದ್ದು ಕಣ್ಣಿಗೆ ಕಾಣಲಿಲ್ಲ, ಅವರ ಮುಖ ನೋಡಿ ಗೊತ್ತಾಯಿತು. ಸುತ್ತು ಸುತ್ತಾಗಿ ಹೊರಗೆ ಬಂದ ಬೋಲ್ಟಿನ ಥ್ರೆಡ್ ತುಂಬ ಸುಣ್ಣದಂಥ ಬಿಳಿ ಪುಡಿ. ಅದು ಕಬ್ಬಿಣದ ಜಂಗಲ್ಲ, ಅಲ್ಯೂಮಿನಿಯಂನದ್ದು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಮೊದಲು ತಿನ್ನಿಸಿಕೊಳ್ಳುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಇರೋದು ಇಷ್ಟೇ ಜಾಗ. ಅದಕ್ಕೇ ಬೋಲ್ಟ್ ಗಟ್ಟಿಯಾಗಿ ಕಚ್ಚಿಕೊಳ್ಳೋದು.

ಎರಡೂ ತೂತಿಗೆ 6 ಎಂಎಂ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಇಳಿಸಿ ಸ್ವಚ್ಛ ಮಾಡಿದರು, ಸೀಮೆಎಣ್ಣೆ ಹಾಕಿ, ಕೈಯಲ್ಲೇ. ಥ್ರೆಡ್ ಚೆನ್ನಾಗಿಯೇ ಇತ್ತು. ಹೋಗಿದ್ದರೆ ಹೆಲಿಕಾಯಿಲ್ ಹಾಕಬೇಕಿತ್ತು. ಅಂದರೆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಸ್ಟೀಲ್ ತಂತಿಯ ಸುರುಳಿ ಕೂರಿಸಿ, ಮತ್ತೆ ಅದೇ 6 ಎಂಎಂ ಥ್ರೆಡ್ ಮಾಡೋದು. ಅದನ್ನೂ ಇಲ್ಲಿ ಮಾಡುತ್ತಾರೆ, ಬೇರೆ ರೇಟು.

ನಾನು ಹೊಸ ಎಲ್ಲನ್ ಬೋಲ್ಟ್ ಎರಡು ಕೊಂಡೊಯ್ದಿದ್ದೆ. ಅವನ್ನು ನನ್ನ ಕೈಗೇ ವಾಪಸ್ ಕೊಟ್ಟರು. ಬೋಲ್ಟ್ ಹಾಕಿದರೆ ಸೈಲೆನ್ಸರ್ ಬಿಚ್ಚಿದಾಗಲೆಲ್ಲ ಅಲ್ಯೂಮಿನಿಯಂ ಥ್ರೆಡ್ಡೇ ಸವೆಯುತ್ತದೆ. ಸ್ಟಡ್ ಹಾಕಿದರೆ ಅದು ಹೆಡ್ಡಿನಲ್ಲಿ ಸುಮ್ನೆ ಕೂತಿರುತ್ತದೆ, ಹೊರಗಿನ ನಟ್ ಮಾತ್ರ ತಿರುಗುತ್ತದೆ. ಕಂಪನಿಗಳು ಹೆಚ್ಚಾಗಿ ಸ್ಟಡ್ ಕೊಡೋದೂ ಇದೇ ಕಾರಣಕ್ಕೆ. ಎರಡು ಸ್ಟಡ್ ಕೂರಿಸಿ, ಮೇಲೆ ಹಿತ್ತಾಳೆ ನಟ್ ಹಾಕಿದರು. ಹಿತ್ತಾಳೆ ಉಕ್ಕಿಗೆ ಜಂಗು ಹಿಡಿದು ಅಂಟಿಕೊಳ್ಳೋದಿಲ್ಲ. ಮುಂದೆ ಯಾರಾದರೂ ಒರಟು ಕೈಯವರು ಕೆಡಿಸಿದರೂ ಕೆಡೋದು ನಟ್, ಅದನ್ನು ಸೀಳಿ ತೆಗೆಯಬಹುದು. ಥ್ರೆಡ್ಡಿಗೆ ಕಾಪರ್ ಗ್ರೀಸ್ ಸವರಿದರು, ತೆಳ್ಳಗೆ. ಮಾಮೂಲಿ ಗ್ರೀಸ್ ಈ ಬಿಸಿಗೆ ಸುಟ್ಟು ಹೋಗುತ್ತದೆ.

ಬಿಗಿಯುವಾಗ ಒಂದು ಕ್ರಮ ನೋಡಿದೆ. ಸೈಲೆನ್ಸರಿನ ಹಿಂದಿನ ಬೋಲ್ಟ್ ಸಡಿಲ ಬಿಟ್ಟು, ಮುಂದಿನ ಎರಡು ನಟ್ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಹಿಂದಿನದು. ಉಲ್ಟಾ ಮಾಡಿದರೆ ಪೈಪ್ ಸೊಟ್ಟ ಕೂತು ಸ್ಟಡ್ ಮೇಲೆ ಎಳೆತ ಬೀಳುತ್ತದೆ. 10 ನಂಬರ್ ಪಾನಾವನ್ನು ಕುತ್ತಿಗೆಯ ಹತ್ತಿರ ಮೂರು ಬೆರಳಲ್ಲಿ ಹಿಡಿದಿದ್ದರು. ಪುಸ್ತಕದ ಲೆಕ್ಕದಲ್ಲಿ 6 ಎಂಎಂ ನಟ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ನಮ್ಮಲ್ಲಿ ಬಹಳ ಜನ ಟ್ರ್ಯಾಕ್ಟರ್ ಚಕ್ರದ ನಟ್ಟಿಗೆ ಹಾಕುವ ಜೋರನ್ನೇ ಇದಕ್ಕೂ ಹಾಕುತ್ತಾರೆ.

ದುಡ್ಡಿನ ವಿಷಯ. ಎರಡೂ ಬೋಲ್ಟ್ ತೆಗೆದು, ಟ್ಯಾಪ್ ಹೊಡೆದು, ಪೈಪ್ ಕೂರಿಸಿಕೊಟ್ಟಿದ್ದಕ್ಕೆ 700 ರೂಪಾಯಿ. ಸ್ಟಡ್ ಮತ್ತು ನಟ್ಟಿಗೆ 120. ಪ್ಯಾಕಿಂಗ್ ನಾನೇ ಒಯ್ದಿದ್ದೆ. ಒಂದು ಬೋಲ್ಟಿಗೆ ಇಷ್ಟಾ ಅಂತ ಅನ್ನಿಸುವವರು ಹೊಸ ಹೆಡ್ಡಿನ ಬೆಲೆಯನ್ನು ಒಮ್ಮೆ ಕೇಳಿ ನೋಡಲಿ. ನನ್ನ ಮಟ್ಟಿಗೆ ಆ ಕಾಯುವಿಕೆಗೇ ದುಡ್ಡು ಕೊಟ್ಟೆ, ಸಂತೋಷದಿಂದಲೇ ಕೊಟ್ಟೆ. ವೆಲ್ಡಿಂಗ್ ಮಷೀನ್ ಎಲ್ಲರ ಹತ್ತಿರವೂ ಇದೆ. ಬೆಸೆದ ಮೇಲೆ ಪಾನಾ ಮುಟ್ಟದೆ ಕೂರುವವರು ಕಡಿಮೆ.

ಇನ್ನು ಬೇಸರದ ಸಂಗತಿಗಳು. ಫೋನ್ ಎತ್ತೋದಿಲ್ಲ. ಬಿಲ್ ಕೊಡೋದಿಲ್ಲ, ಕೇಳಿದರೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಡುತ್ತಾರೆ. ಗಾಡಿಗೆ ನೆರಳಿಲ್ಲ, ಬಿಸಿಲಲ್ಲೇ ನಿಲ್ಲಿಸಬೇಕು. ನಮ್ಮ ಗಾಡಿಯ ಮಧ್ಯೆಯೇ ಬೇರೆ ಗಿರಾಕಿಯ ಕೆಲಸ ಎತ್ತಿಕೊಳ್ಳುತ್ತಾರೆ. ತಣ್ಣಗಾಗುವ ಹೊತ್ತಿನಲ್ಲಿ ಸರಿ, ಆದರೆ ಕೊನೆಯಲ್ಲಿ ಟ್ಯಾಂಕ್ ಕೂರಿಸೋದು ಬಿಟ್ಟು ಟ್ರ್ಯಾಕ್ಟರಿನವರ ಜೊತೆ ಮಾತಿಗೆ ನಿಂತಾಗ ನನಗೆ ಸ್ವಲ್ಪ ಸಿಟ್ಟೇ ಬಂತು. ವೆಲ್ಡಿಂಗ್ ಮಾಡುವಾಗ ಅವರು ಕನ್ನಡಕ ಹಾಕಿಕೊಳ್ಳುತ್ತಾರೆ, ಸಹಾಯದ ಹುಡುಗನಿಗೆ ಇಲ್ಲ. ಅದು ನನಗೆ ಸರಿ ಕಾಣಲಿಲ್ಲ, ಹೇಳಿಯೂ ಬಂದೆ. ಮತ್ತೆ, ಗ್ಯಾರಂಟಿ ಅನ್ನೋ ಮಾತೇ ಇಲ್ಲ. "ಬಂದ್ರ ಬರತೈತಿ, ಬರದಿದ್ರ ಹೆಲಿಕಾಯಿಲ್" ಅಂತ ಮೊದಲೇ ಹೇಳಿಬಿಡುತ್ತಾರೆ.

ಹೊಸ ಗಾಡಿ, ಇನ್ನೂ ವಾರಂಟಿ ಇದೆ ಅನ್ನುವವರು ಇಲ್ಲಿಗೆ ಬರಬೇಡಿ, ಮೊದಲು ಕಂಪನಿಯವರನ್ನೇ ಕೇಳಿ. ಧಾರವಾಡದಿಂದ ಬರುವವರು ಗಾಡಿಯನ್ನು ಓಡಿಸಿಕೊಂಡೇ ಬರಬಹುದು. ಪ್ಯಾಕಿಂಗ್ ಹೋಗಿದ್ದರೆ ಸದ್ದು ಜಾಸ್ತಿ ಆಗುತ್ತದೆ ಅಷ್ಟೇ. ಆದರೆ ಬಂದ ಮೇಲೆ ಇಂಜಿನ್ ತಣ್ಣಗಾಗುವ ತನಕ ಅವರು ಮುಟ್ಟೋದಿಲ್ಲ, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ. ಇಲ್ಲವೇ ಬೆಳಿಗ್ಗೆ ಗಾಡಿ ಬಿಟ್ಟು, ಕೆಲಸ ಮುಗಿಸಿಕೊಂಡು ಸಂಜೆ ಬನ್ನಿ. ಹೊರಡುವ ಹಿಂದಿನ ರಾತ್ರಿ ಬೋಲ್ಟಿನ ಸುತ್ತಲಿನ ಮಣ್ಣು ಕೆರೆದು, ಜಂಗು ಬಿಡಿಸುವ ಎಣ್ಣೆ ಹಾಕಿಟ್ಟರೆ ಅವರಿಗೆ ಖುಷಿ. ನಿಮ್ಮ ಗಾಡಿಯ ಪ್ಯಾಕಿಂಗ್ ರಿಂಗ್ ತಪ್ಪದೆ ಒಯ್ಯಿರಿ, ಅವರ ಬಳಿ ಸಿಗೋದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಎತ್ತಿಡೋದು ಹಗುರ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಆ ಹುಡುಗನ ಕನ್ನಡಕಕ್ಕೆ.

ಕೆಲಸ ಆದ ಮೇಲೆ ಒಂದೆರಡು ದಿನ ಗಾಡಿ ಓಡಿಸಿ, ಪೂರ್ತಿ ತಣ್ಣಗಿದ್ದಾಗ ಎರಡೂ ನಟ್ಟನ್ನು ಒಮ್ಮೆ ಪಾನಾ ಹಾಕಿ ನೋಡಿಕೊಳ್ಳಿ. ಹೊಸ ಪ್ಯಾಕಿಂಗ್ ಬಿಸಿಗೆ ಸ್ವಲ್ಪ ಕುಗ್ಗುತ್ತದೆ, ನಟ್ ಸಡಿಲ ಬಿಟ್ಟಿರುತ್ತದೆ. ನನ್ನದು ಎಡಗಡೆಯದು ಸ್ವಲ್ಪ ಬಿಟ್ಟಿತ್ತು. ಅವರ ಹತ್ತಿರವೇ ಹೋದರೆ ಅದಕ್ಕೆ ದುಡ್ಡು ತಗೊಳ್ಳೋದಿಲ್ಲ. ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ನಮಾಜಿಗೆ ಶಟರ್ ಎಳೆದಿರುತ್ತಾರೆ, ಆಮೇಲೆ ಊಟ ಮುಗಿಸಿಯೇ ಬರೋದು.